ಇಲ್ಲದ ತಂಗಿಯ ಕಾಯಿಲೆ

ನಾನು ಔಷಧಿ ಕಂಪನಿಯೊಂದರ ರೆಪ್, ಡಾಕ್ಟರುಗಳಿಗೆ ಕಂಪನಿಯ ಮಾತ್ರೆಗಳನ್ನು ಪರಿಚಯಿಸುವವನು. ದಿನವಿಡೀ ತಿರುಗಾಡುವ ಕೆಲಸ ಎಂದು ಮನೆಯಲ್ಲಿ ತಿಳಿದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ತಿರುಗುವುದಕ್ಕಿಂತ ಕಾಯುವುದೇ ಹೆಚ್ಚು. ನರಿಕೊಂಬಿನ ಮನೆಯಿಂದ ಎಂಟು ಗಂಟೆಗೆ ಬೈಕ್ ಹೊರಡಿಸಿದರೆ ಬಂಟ್ವಾಳ, ಪುಂಜಾಲಕಟ್ಟೆ, ಮಡಂತ್ಯಾರು, ಬೆಳ್ತಂಗಡಿ. ವಾರಕ್ಕೆರಡು ದಿನ ವೇಣೂರಿನ ಮೂಲಕ ಮೂಡಬಿದಿರೆ. ಎಲ್ಲ ಕ್ಲಿನಿಕ್‌ಗಳಲ್ಲೂ ಒಂದೇ ನಿಯಮ: ರೋಗಿಗಳೆಲ್ಲ ಮುಗಿದ ಮೇಲೆ ನಮ್ಮನ್ನು ಕರೆಯುತ್ತಾರೆ. ಅಲ್ಲಿಯವರೆಗೆ ಟೈ ಕಟ್ಟಿಕೊಂಡು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತಿರಬೇಕು.

ಕೂರುವುದು ನನಗೆ ಆಗುವುದಿಲ್ಲ. ಚಿಕ್ಕಂದಿನಿಂದಲೂ ಹಾಗೆಯೇ. ಊಟಕ್ಕೆ ಕೂತರೆ ಎರಡು ಸಲ ಏಳುತ್ತೇನೆ. ಕೂತಲ್ಲಿ ಬಲಗಾಲು ತನ್ನಷ್ಟಕ್ಕೆ ಕುಣಿಯುತ್ತದೆ. ಕ್ಲಿನಿಕ್‌ನ ಉದ್ದ ಬೆಂಚಿನಲ್ಲಿ ನನ್ನ ಕಾಲು ಕುಣಿದರೆ ಆ ತುದಿಯಲ್ಲಿ ಕೂತ ಜ್ವರದ ಮಗುವೂ ಅಲುಗುತ್ತದೆ. ಎಷ್ಟೋ ಜನ ತಿರುಗಿ ನೋಡಿ ಬೈದದ್ದುಂಟು.

ಮೂಡಬಿದಿರೆಯ ಒಂದು ಮೆಡಿಕಲ್‌ನಲ್ಲಿ ಕೌಂಟರಿಗೆ ನಿಲ್ಲುವ ಹುಡುಗಿ ಇದನ್ನೆಲ್ಲ ಗಮನಿಸಿದ್ದಳು. ಬಿ.ಫಾರ್ಮ ಮುಗಿಸಿ, ಅಪ್ಪನ ಅಂಗಡಿಯನ್ನೇ ನೋಡಿಕೊಳ್ಳುತ್ತಿದ್ದವಳು. ಮಾತು ಕಡಿಮೆ, ಕಣ್ಣು ಹರಿತ. ಒಂದು ದಿನ ಅವಳ ಅಪ್ಪ ಬರುವುದನ್ನು ಕಾಯುತ್ತ ನಾನು ಮೊಬೈಲಿನಲ್ಲಿ ವೀಡಿಯೊಗಳನ್ನು ತಳ್ಳುತ್ತಾ ನಿಂತಿದ್ದೆ.

"ಒಂದು ವೀಡಿಯೊವನ್ನೂ ಪೂರ್ತಿ ನೋಡುವುದಿಲ್ಲ ನೀವು" ಎಂದಳು. "ಬೆರಳಿಗೆ ಬೇನೆ ಆಗುದಿಲ್ವಾ?"

"ಕಾಯಬೇಕಲ್ಲ ಮಾರಾಯ್ತಿ. ಎಂತ ಮಾಡುದು?"

"ಒಂದು ಗೇಮ್ ಕೊಡ್ತೇನೆ. ಆಡುವಂಥದ್ದೇನಿಲ್ಲ ಅದರಲ್ಲಿ. ಓದುದು ಅಷ್ಟೆ. ಜಪಾನಿನದ್ದು."

ಅದಕ್ಕೆ ವಿಷುವಲ್ ನಾವೆಲ್ ಅಂತ ಹೆಸರು ಎಂದು ಅವಳೇ ಹೇಳಿದಳು. ಪರದೆಯ ಮೇಲೆ ಬಣ್ಣದ ಚಿತ್ರ, ಚಿತ್ರದ ಕೆಳಗೆ ಎರಡು ಮೂರು ಸಾಲು ಮಾತು, ಹಿನ್ನೆಲೆಯಲ್ಲಿ ಸಣ್ಣಗೆ ಪಿಯಾನೊ. ಮುಟ್ಟಿದರೆ ಮುಂದಿನ ಸಾಲು. ಅಲ್ಲೊಂದು ಇಲ್ಲೊಂದು ಕಡೆ 'ಹೀಗೆ ಮಾಡುವುದೋ, ಹಾಗೆ ಮಾಡುವುದೋ' ಎಂದು ಕೇಳುತ್ತದೆ; ನಾವು ಆರಿಸಿದಂತೆ ಕಥೆ ಕವಲೊಡೆಯುತ್ತದೆ. ಮೂವತ್ತು ನಲ್ವತ್ತು ಗಂಟೆ ಓದಿಸಿಕೊಳ್ಳುವ ಗೇಮ್‌ಗಳೂ ಉಂಟಂತೆ. ಅವುಗಳಲ್ಲೂ ಒಂದು ಬಗೆ ಬೇರೆಯೇ. ಆಡುವವರನ್ನು ಅಳಿಸಬೇಕು ಎಂಬ ಒಂದೇ ಉದ್ದೇಶದಿಂದ ಮಾಡಿದಂಥವು. ಜಪಾನಿನಲ್ಲಿ ಅದಕ್ಕೆ 'ನಕಿಗೆ' ಎನ್ನುತ್ತಾರೆ, ಅಂದರೆ ಅಳುವ ಗೇಮ್.

"ಮೊದಲ ಅರ್ಧ ಪೂರಾ ತಮಾಷೆ" ಎಂದಳು. "ಶಾಲೆ, ತಿಂಡಿ, ಜಗಳ. ನಮ್ಮನ್ನು ಅವರ ಮನೆಯವರೇ ಮಾಡಿಬಿಡ್ತಾರೆ. ಮತ್ತೆ ಹಿಡಿದು ಹಿಂಡ್ತಾರೆ."

"ನಾನು ಅಳುವ ಜನ ಅಲ್ಲ" ಎಂದೆ.

"ನೋಡುವ" ಎಂದಳು, ಮಾತ್ರೆಯ ಶೀಟು ಕತ್ತರಿಸುತ್ತಾ.

ನಾನು ಹಾಗೆ ಹೇಳಿದ್ದು ಜಂಬಕ್ಕಲ್ಲ. ಅಳಬೇಕಾದರೂ ಒಂದು ಕಡೆ ಸ್ವಲ್ಪ ಹೊತ್ತು ಕೂರಬೇಕಷ್ಟೆ. ನಾನು ಅಷ್ಟು ಹೊತ್ತು ಯಾವುದರ ಎದುರೂ ಕೂತವನಲ್ಲ. ಆದರೆ ಆ ಗೇಮ್ ನನ್ನನ್ನು ಕೂರಿಸಿತು. ಅದು ಇಂಗ್ಲಿಷಿಗೆ ಬಂದದ್ದು; ನನ್ನ ಇಂಗ್ಲಿಷ್ ಔಷಧಿ ಪುಸ್ತಕದ ಇಂಗ್ಲಿಷ್. ನಿಧಾನಕ್ಕೆ, ಒಂದೊಂದೇ ಸಾಲು ಓದಬೇಕಾಗುತ್ತಿತ್ತು. ಪುಂಜಾಲಕಟ್ಟೆಯಲ್ಲಿ ಹತ್ತು ನಿಮಿಷ, ಬೆಳ್ತಂಗಡಿಯಲ್ಲಿ ಮುಕ್ಕಾಲು ಗಂಟೆ, ಹೀಗೆ ಬೆಂಚಿನಿಂದ ಬೆಂಚಿಗೆ ಕಥೆ ಸಾಗಿತು.

ಒಂದು ಚಿಕ್ಕ ಊರು, ಬೆಟ್ಟದ ಮೇಲೊಂದು ಗುಡಿ, ಗುಡಿಗೆ ತೊಂಬತ್ತೆರಡು ಮೆಟ್ಟಿಲು. ಬೇಕರಿಯಲ್ಲಿ ದುಡಿಯುವ ಅಣ್ಣ, ಶಾಲೆಗೆ ಹೋಗುವ ತಂಗಿ. ಅಣ್ಣನ ಹೆಸರು ಆಡುವವನ ಹೆಸರೇ. ಆರಂಭದಲ್ಲೇ ಕೇಳಿಕೊಳ್ಳುತ್ತದೆ, ನಾನು ನನ್ನದನ್ನೇ ಕೊಟ್ಟಿದ್ದೆ. ಪ್ರತಿದಿನ ಸಂಜೆ ಅವರಿಬ್ಬರೂ ಬೇಕರಿಯ ಉಳಿದ ಬನ್ ಹಿಡಿದುಕೊಂಡು ಗುಡಿಗೆ ಹತ್ತುತ್ತಾರೆ. ತಂಗಿ ಮೆಟ್ಟಿಲು ಎಣಿಸುತ್ತಾ ಓಡುತ್ತಾಳೆ. ತೊಂಬತ್ತೆರಡರ ಮೇಲೆ ಕೂತು ಬನ್ ತಿನ್ನುತ್ತಾರೆ, ಊರನ್ನು ನೋಡುತ್ತಾರೆ, ಜಗಳವಾಡುತ್ತಾರೆ. ಕೆಲವು ದಿನಗಳ ಮೇಲೆ ಎಂಬತ್ತರಲ್ಲಿ ಕೂರುತ್ತಾರೆ. "ಇಲ್ಲಿಂದಲೇ ಚಂದ ಕಾಣುತ್ತದೆ" ಎನ್ನುತ್ತಾಳೆ ತಂಗಿ. ಆಮೇಲೆ ಅರುವತ್ತೈದು. ನಲ್ವತ್ತು. ಯಾರೂ ಏನೂ ಹೇಳುವುದಿಲ್ಲ. ನಡುನಡುವೆ ಶಾಲೆಯ ತಮಾಷೆ, ಬೇಕರಿ ಯಜಮಾನನ ಪೆದ್ದುತನ. ನಾನು ನಗುತ್ತಾ ಓದಿಕೊಂಡು ಹೋದೆ. ಸಂಖ್ಯೆ ಇಳಿಯುತ್ತಿರುವುದು ನನ್ನ ತಲೆಗೇ ಹೋಗಲಿಲ್ಲ.

ಮಡಂತ್ಯಾರಿನ ಕ್ಲಿನಿಕ್‌ನಲ್ಲಿ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ತಂಗಿ ಮೊದಲನೇ ಮೆಟ್ಟಿಲಿನಲ್ಲೇ ಕೂತಳು. ಬನ್ನಿನ ಪೊಟ್ಟಣ ಬಿಚ್ಚಿ, "ಅಣ್ಣ, ಇವತ್ತು ಇಲ್ಲಿಂದಲೇ ಚಂದ ಕಾಣ್ತದೆ" ಎಂದಳು. ಅವಳ ಎದುರಿಗೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ ಮಾತ್ರ.

ತೊಂಬತ್ತೆರಡು ಒಂದಕ್ಕೆ ಇಳಿದದ್ದು ಆಗ ನನ್ನ ತಲೆಗೆ ಹೋಯಿತು. ಮತ್ತೆ ನನಗೆ ತಡೆಯಲಾಗಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಗಂಡಸು, ಟೈ ಕಟ್ಟಿಕೊಂಡು, ತುಂಬಿದ ಕ್ಲಿನಿಕ್‌ನಲ್ಲಿ ಬಿಕ್ಕಿಬಿಕ್ಕಿ ಅತ್ತೆ.

ಪಕ್ಕದಲ್ಲಿ ಕೂತಿದ್ದವರು ಅರುವತ್ತರ ಆಸುಪಾಸಿನ ಒಬ್ಬ ಬ್ಯಾರಿ ಮುಸ್ಲಿಂ ಹೆಂಗಸು. ಪ್ರತಿ ಎರಡು ವಾರಕ್ಕೆ ಸಕ್ಕರೆ ಕಾಯಿಲೆಯ ತಪಾಸಣೆಗೆ ಬರುತ್ತಿದ್ದರು, ಮುಖ ಪರಿಚಯ ಇತ್ತು. ನಾನು ಅವರನ್ನು ಉಮ್ಮ, ಅಂದರೆ ಅಮ್ಮ, ಎನ್ನುತ್ತಿದ್ದೆ. ಅವರು ನನ್ನ ಹತ್ತಿರ ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಎಂತ ಆಯ್ತು ಮಗಾ? ಮೆಸೇಜ್ ಬಂತಾ? ಮನೆಯಲ್ಲಿ ಎಲ್ಲ ಉಷಾರುಂಟಲ್ಲ?"

ಕ್ಲಿನಿಕ್ ಪೂರಾ ನನ್ನನ್ನೇ ನೋಡುತ್ತಿತ್ತು. ಗೇಮ್ ನೋಡಿ ಅತ್ತೆ ಎಂದು ಹೇಗೆ ಹೇಳುವುದು?

"ತಂಗಿಗೆ ಹುಷಾರಿಲ್ಲ" ಎಂದೆ.

ನನಗೆ ತಂಗಿ ಇಲ್ಲ. ಒಬ್ಬ ಅಣ್ಣ, ಅಷ್ಟೆ. ಆ ಮಾತು ಬಾಯಿಂದ ಬಂದಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಕೂಡ ಅನ್ನಿಸಲಿಲ್ಲ. ಆದರೆ ಅವರು ಬಿಡಲಿಲ್ಲ. ಎಷ್ಟು ವರ್ಷ, ಎಂತ ಕಾಯಿಲೆ, ಎಲ್ಲಿ ತೋರಿಸಿದ್ದು ಎಂದು ಕೇಳಿದರು. ಕಾಯಿಲೆಯ ಹೆಸರುಗಳಿಗೆ ನನ್ನಲ್ಲಿ ಬರವೇ? ಹದಿನೈದು ವರ್ಷ ಎಂದೆ, ರಕ್ತದ ಕಾಯಿಲೆ ಎಂದೆ, ಮಂಗಳೂರಿನಲ್ಲಿ ತೋರಿಸುತ್ತಾ ಇದ್ದೇವೆ ಎಂದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅಂಗೈ ಒರಟಾಗಿ, ಬೆಚ್ಚಗಿತ್ತು.

"ನಾನು ದುಆ ಮಾಡ್ತೇನೆ. ಸಣ್ಣ ಮಗು. ಗುಣ ಆಗ್ತದೆ. ನೀನು ಹೀಗೆ ಅತ್ತರೆ ಅವಳಿಗೆ ಧೈರ್ಯ ಯಾರು ಹೇಳುದು?"

ಅಂದು ಡಾಕ್ಟರನ್ನು ನೋಡದೆಯೇ ಹೊರಟುಬಿಟ್ಟೆ.

ಎರಡು ವಾರದ ಮೇಲೆ ಅವರು ಮತ್ತೆ ಸಿಕ್ಕಿದರು. ನಾನು ಒಳಗೆ ಕಾಲಿಡುವ ಮೊದಲೇ, "ತಂಗಿ ಹೇಗಿದ್ದಾಳೆ?" ಎಂದರು. ಸ್ವಲ್ಪ ಪರವಾಗಿಲ್ಲ ಎಂದೆ. ಆಗಲೇ ಹೇಳಿಬಿಡಬೇಕಿತ್ತು. ಆದರೆ ಪಕ್ಕದವರೆಲ್ಲ, ಇಂಜೆಕ್ಷನ್ ಕೊಡುವ ನರ್ಸ್ ಸಹಿತ, ಉತ್ತರಕ್ಕೆ ಕಾಯುತ್ತಾ ನಿಂತಿದ್ದರು. ಸುದ್ದಿ ಎಲ್ಲರಿಗೂ ಹೋಗಿತ್ತು. ಒಬ್ಬರು ಪಪ್ಪಾಯಿ ಎಲೆಯ ರಸ ಕೊಡಿ ಎಂದರು. ಇನ್ನೊಬ್ಬರು ಯಾವುದೋ ನಾಟಿ ವೈದ್ಯರ ವಿಳಾಸ ಬರೆದುಕೊಟ್ಟರು. ನಾನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಅಲ್ಲಿಂದ ಮುಂದೆ ನನ್ನ ನೆಮ್ಮದಿ ಹೋಯಿತು. ಮಡಂತ್ಯಾರನ್ನು ತಪ್ಪಿಸಲು ದಾರಿಯನ್ನೇ ಬದಲಾಯಿಸಿದೆ. ಬಂಟ್ವಾಳದಿಂದ ಸಿದ್ದಕಟ್ಟೆಯ ಮೂಲಕ ಮೂಡಬಿದಿರೆ, ಅಲ್ಲಿಂದ ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ. ಅರ್ಧ ತಾಲೂಕು ಸುತ್ತಿಕೊಂಡು ಹೋಗುವುದು. ಮ್ಯಾನೇಜರ್ ಫೋನ್ ಮಾಡಿ, ಮಡಂತ್ಯಾರಿನ ಡಾಕ್ಟರನ್ನು ಯಾಕೆ ನೋಡುತ್ತಿಲ್ಲ ಎಂದು ಕೇಳಿದರು. ರಸ್ತೆ ಕೆಲಸ ನಡೆಯುತ್ತಿದೆ ಎಂದೆ. ಒಂದು ಸುಳ್ಳಿನ ಹಿಂದೆ ಮತ್ತೊಂದು. ಬೈಕ್ ಓಡಿಸುವಾಗ ಹಿಂದಿನಿಂದ ಯಾರೋ ಹೆಸರು ಹಿಡಿದು ಕರೆದಂತೆ ಆಗುತ್ತಿತ್ತು. ಆ ಗೇಮನ್ನು ಕೂಡ ತೆರೆಯಲಾಗಲಿಲ್ಲ. ತಂಗಿ ಮೊದಲನೇ ಮೆಟ್ಟಿಲಿನಲ್ಲಿ ಕೂತಲ್ಲಿಗೇ ಕಥೆ ನಿಂತಿತ್ತು. ಬೆಂಚಿನಲ್ಲಿ ಕಾಲು ಮೊದಲಿಗಿಂತ ಜೋರಾಗಿ ಕುಣಿಯುತ್ತಿತ್ತು.

ಮೂಡಬಿದಿರೆಯ ಹುಡುಗಿಗೆ ಎಲ್ಲವನ್ನೂ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಹೋಗಿ ಹೇಳಿ" ಎಂದಳು.

"ಮುಗಿಯಿತು ವಿಷಯ. ಇನ್ನು ಎರಡು ತಿಂಗಳಲ್ಲಿ ಮರೆತುಬಿಡ್ತಾರೆ."

"ನೀವು ಹೇಳಿದ್ದನ್ನು ನೋಡಿದ್ರೆ ಅವರು ಮರೆಯುವವರಲ್ಲ. ನಿಮ್ಮಷ್ಟಕ್ಕೆ ನೀವು ಅತ್ತದ್ದು ತಪ್ಪಲ್ಲ. ಅವರನ್ನೂ ಅದರೊಳಗೆ ಎಳೆದದ್ದು ತಪ್ಪು."

ನಾನು ಹೋಗಲಿಲ್ಲ. ಇನ್ನೊಂದು ತಿಂಗಳು ಸಿದ್ದಕಟ್ಟೆಯ ತಿರುವುಗಳಲ್ಲೇ ಓಡಾಡಿದೆ. ಕೊನೆಗೆ ಮ್ಯಾನೇಜರ್ ಖುದ್ದಾಗಿ ಬರುತ್ತೇನೆಂದು ಹೆದರಿಸಿದ ಮೇಲೆ ಮಡಂತ್ಯಾರಿಗೆ ಹೋದೆ, ಅವರು ಬರುವ ವಾರವಲ್ಲವೆಂದು ಲೆಕ್ಕ ಹಾಕಿಕೊಂಡೇ. ನರ್ಸ್ ನನ್ನನ್ನು ಕಂಡವಳೇ ಹತ್ತಿರ ಬಂದಳು.

"ಎಲ್ಲಿ ಹೋಗಿದ್ರಿ ನೀವು? ಆ ಉಮ್ಮ ನಿಮ್ಮನ್ನು ಎಷ್ಟು ಸಲ ಕೇಳಿದ್ರು ಗೊತ್ತುಂಟಾ? ಪಾಪ, ಹೋದ ಸೋಮವಾರ ಮನೆಯಲ್ಲಿ ತಲೆ ತಿರುಗಿ ಬಿದ್ದಿದ್ದಾರೆ."

"ಯಾಕೆ?"

"ಶುಗರ್ ಇಳಿದದ್ದು. ನೋಂಬು ಹಿಡಿದಿದ್ರಂತೆ, ಇಡೀ ದಿನ ಉಪವಾಸ. ಈಗ ರಂಜಾನ್ ಕೂಡ ಅಲ್ಲ. ಡಾಕ್ಟ್ರು ಬೈದಾಗ ಹೇಳಿದ್ರು, ರೆಪ್ಪಿನ ತಂಗಿಗೆ ಗುಣ ಆಗ್ಲಿಕ್ಕೆ ಅಂತ ಹರಕೆ ಹೊತ್ತದ್ದಂತೆ. ನೀವು ಕಾಣುದಿಲ್ಲ ಅಂತ ಆದ ಮೇಲೆ, ಹುಡುಗಿಗೆ ಕಾಯಿಲೆ ಜೋರಾಗಿರ್ಬೇಕು ಅಂತ ಅವರಿಗೆ ಹೆದರಿಕೆ ಆಗಿದೆ. ಸೋಮವಾರ, ಗುರುವಾರ, ಮೂರು ವಾರ ಹಿಡಿದಿದ್ದಾರೆ."

ಕೈಯಲ್ಲಿದ್ದ ಬ್ಯಾಗ್ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡೆ. ಸಕ್ಕರೆ ಕಾಯಿಲೆಯವರು ಮಾತ್ರೆ ನುಂಗಿ ಹಸಿದು ಕೂತರೆ ಏನಾಗುತ್ತದೆ ಎಂಬುದನ್ನು ದಿನಕ್ಕೆ ಹತ್ತು ಡಾಕ್ಟರಿಗೆ ವಿವರಿಸುವವನು ನಾನು. ಆ ಮಾತ್ರೆ ನಮ್ಮ ಕಂಪನಿಯದ್ದೇ ಆಗಿರಲೂಬಹುದು. ನರ್ಸಿನ ಹತ್ತಿರ ಮನೆಯ ದಾರಿ ಕೇಳಿದೆ.

ಪೇಟೆಯಿಂದ ಸ್ವಲ್ಪ ಒಳಗೆ, ರಸ್ತೆಯ ಬದಿಯ ಎತ್ತರದ ದರೆಯ ಮೇಲೆ ಮನೆ. ರಸ್ತೆಯಿಂದ ಅಂಗಳಕ್ಕೆ ಕೆಂಪುಕಲ್ಲಿನ ಮೆಟ್ಟಿಲುಗಳು. ಉಮ್ಮನ ಸೊಸೆ ಬಾಗಿಲು ತೆರೆದಳು. ಅವಳ ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ಉಮ್ಮ ಚಾವಡಿಯ ಮಂಚದಲ್ಲಿ ದಿಂಬಿಗೆ ಒರಗಿದ್ದರು. ನನ್ನನ್ನು ಕಂಡದ್ದೇ ಎದ್ದು ಕೂತರು. ಮುಖದಲ್ಲಿ ಗಾಬರಿ.

"ಮಗಾ, ತಂಗಿ...?"

"ತಂಗಿ ಇಲ್ಲ ಉಮ್ಮ" ಎಂದೆ.

ಅವರು ಬಾಯಿಗೆ ಕೈ ಹಿಡಿದರು. ಅವರು ಅರ್ಥ ಮಾಡಿಕೊಂಡದ್ದು ಬೇರೆ ಎಂದು ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಅಲ್ಲ ಅಲ್ಲ, ಸತ್ತದ್ದಲ್ಲ. ನನಗೆ ತಂಗಿಯೇ ಇಲ್ಲ. ಹುಟ್ಟಿಯೇ ಇಲ್ಲ. ಅವತ್ತು ನಾನು ಅತ್ತದ್ದು ಮೊಬೈಲಿನ ಒಂದು ಗೇಮ್ ನೋಡಿ. ಅದರಲ್ಲಿ ಒಂದು ಹುಡುಗಿಗೆ ಕಾಯಿಲೆ. ನಾಚಿಕೆ ಆಯ್ತು, ಅದಕ್ಕೆ ಸುಳ್ಳು ಹೇಳಿದೆ."

ಸೊಸೆ ನನ್ನನ್ನೇ ನೋಡುತ್ತಾ ನಿಂತಿದ್ದಳು. ಉಮ್ಮ ಕೇಳಿದರು, "ಹಾಗಾದ್ರೆ ಯಾವ ಹುಡುಗಿಗೂ ಕಾಯಿಲೆ ಇಲ್ವಾ?"

"ಇಲ್ಲ."

"ಅಲ್‌ಹಮ್ದುಲಿಲ್ಲಾ" ಎಂದು ಉಸಿರು ಬಿಟ್ಟರು. ನಿಜಕ್ಕೂ ಹಗುರಾದಂತೆ ಕಂಡರು. ನಾನು ಬೈಗುಳಕ್ಕೆ ತಯಾರಾಗಿ ಹೋಗಿದ್ದೆ, ಇದಕ್ಕಲ್ಲ. ಬೈಗುಳವೂ ಬಂತು, ಆಮೇಲೆ.

"ಕಾಯಿಲೆಯ ಸುಳ್ಳು ಹೇಳ್ತಾರಾ ಯಾರಾದ್ರೂ? ಬಾಯಿಯಲ್ಲಿ ಬಂದದ್ದು ಆಗಿಬಿಟ್ರೆ? ಗೇಮ್ ನೋಡಿ ಅತ್ತೆ ಅಂತ ಹೇಳಿದ್ರೆ ನಾನು ನಿನ್ನನ್ನು ತಿಂತಿದ್ನಾ?"

"ನೀವು ನಗಾಡ್ತಿದ್ರಿ ಮಾಮಿ" ಎಂದಳು ಸೊಸೆ.

"ನಗಾಡಿದ್ರೆ ಎಂತ? ನಗಾಡಿದ್ರೆ ಇವನಿಗೆ ಎಂತ ಹೋಗ್ತಿತ್ತು?"

ಹೊರಡಲು ಎದ್ದೆ. "ಕೂತ್ಕೋ" ಎಂದರು. ಕೂತೆ. "ತೋರಿಸು ಆ ಗೇಮ್. ಮೂರು ವಾರ ನಾನು ಉಪವಾಸ ಇದ್ದದ್ದು ಯಾರಿಗೆ ಅಂತ ನೋಡ್ಬೇಕಲ್ಲ."

ಹಾಗೆ ಶುರುವಾಯಿತು. ವಾರಕ್ಕೊಮ್ಮೆ, ಮಧ್ಯಾಹ್ನ ಕ್ಲಿನಿಕ್ ಮುಚ್ಚಿದ ಮೇಲೆ, ನಾನು ಅವರ ಚಾವಡಿಯಲ್ಲಿ ಕೂತು ಗೇಮನ್ನು ಮೊದಲಿನಿಂದ ಓದಿ, ತುಳುವಿನಲ್ಲಿ ಹೇಳುತ್ತಾ ಹೋದೆ. ಅವರು ಕನ್ನಡಕ ಏರಿಸಿ ಚಿತ್ರ ನೋಡುತ್ತಿದ್ದರು. ಬೇಕರಿ ಯಜಮಾನನನ್ನು ಕಂಡು ಹೊಟ್ಟೆ ಹಿಡಿದು ನಕ್ಕರು. ಆ ಹುಡುಗಿಯ ಕಣ್ಣು ಯಾಕೆ ಅಷ್ಟು ದೊಡ್ಡದು ಎಂದು ಕೇಳಿದರು. ಎರಡು ಆಯ್ಕೆಗಳು ಬಂದಾಗ ಅತ್ತೆ ಒಂದು ಹೇಳಿದರೆ ಸೊಸೆ ಇನ್ನೊಂದು. ನಾನು ಯಾರ ಮಾತು ಕೇಳಬೇಕೆಂದು ತಿಳಿಯದೆ ಚಹಾ ಕುಡಿಯುತ್ತಿದ್ದೆ.

ಮೂರನೆಯ ವಾರ ಕಥೆ ಅರುವತ್ತೈದನೇ ಮೆಟ್ಟಿಲಿಗೆ ಬಂತು. "ಇಲ್ಲಿಂದಲೇ ಚಂದ ಕಾಣ್ತದೆ" ಎಂದು ತಂಗಿ ಕೂತಳು. ನಾನು ಮುಂದಿನ ಸಾಲಿಗೆ ಹೋಗುವವನಿದ್ದೆ.

"ನಿಲ್ಸು" ಎಂದರು ಉಮ್ಮ. "ಇವಳಿಗೆ ಉಸಿರು ಸಾಲುದಿಲ್ಲ."

"ಅದು ಮುಂದೆ ಬರ್ತದೆ ಉಮ್ಮ."

"ಮುಂದೆ ಎಂತ ಬರುದು? ಈಗಲೇ ಉಂಟು. ಹತ್ತಲಿಕ್ಕೆ ಆಗುದಿಲ್ಲ, ಅದಕ್ಕೆ ಚಂದ ಕಾಣ್ತದೆ ಅಂತ ಹೇಳುದು. ಆ ಪೊಟ್ಟಣ ಬಿಚ್ಚುದು ಕೂಡ ಉಸಿರು ತಕ್ಕೊಳ್ಳಲಿಕ್ಕೆ. ಬಿಚ್ಚುವಾಗ ಯಾರೂ ಮಾತಾಡ್ಸುದಿಲ್ಲ ಅಲ್ವಾ?"

ಪೊಟ್ಟಣದ ವಿಷಯ ಗೇಮ್‌ನಲ್ಲಿ ಎಲ್ಲೂ ಹೇಳಿರಲಿಲ್ಲ. ಆದರೆ ಹಿಂದಕ್ಕೆ ತಿರುಗಿಸಿ ನೋಡಿದರೆ ಹೌದು, ಪ್ರತಿ ಸಲವೂ ಕೂತ ಕೂಡಲೇ ಅವಳು ಪೊಟ್ಟಣವನ್ನು ಬಹಳ ನಿಧಾನಕ್ಕೆ ಬಿಚ್ಚುತ್ತಿದ್ದಳು.

"ನಿಮಗೆ ಹೇಗೆ ಗೊತ್ತಾಯ್ತು?" ಎಂದು ನಾನು ಸುಮ್ಮನೆ ಕೇಳಿದ್ದು.

ಅವರು ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸತೊಡಗಿದರು. ಅಡುಗೆಮನೆಯ ಬಾಗಿಲಲ್ಲಿದ್ದ ಸೊಸೆ ಮೆಲ್ಲಗೆ ಮುಂದೆ ಬಂದಳು.

"ಮಾಮಿ, ನೀವು ಪೇಟೆಯಿಂದ ಬರುವಾಗ ಮೆಟ್ಟಿಲಿನ ನಡುವೆ ಕೂತು ಫೋನ್ ಮಾಡುದು..."

"ಅಲ್ಲಿ ಸಿಗ್ನಲ್ ಸಿಗ್ತದೆ."

"ಸಿಗ್ನಲ್ ಇಲ್ಲಿಯೂ ಸಿಗ್ತದೆ ಮಾಮಿ. ಈಗ ನೀವು ಇಲ್ಲಿಯೇ ಕೂತು ನಿಮ್ಮ ಮಗನ ಹತ್ರ ಮಾತಾಡಿದ್ದಲ್ವಾ?"

ಆ ಮಧ್ಯಾಹ್ನ ಗೇಮ್ ಮುಂದೆ ಹೋಗಲಿಲ್ಲ. ಎಷ್ಟು ದಿನದಿಂದ ಎಂದು ಕೇಳಿದೆ. ರಂಜಾನ್ ಹಬ್ಬ ಕಳೆದಂದಿನಿಂದ ಎಂದರು. ಎದೆ ನೋವಿಲ್ಲ, ಎದೆ ಬಿಗಿದ ಹಾಗೆ, ಅಷ್ಟೆ. ಡಾಕ್ಟರಿಗೆ ಹೇಳಿಲ್ಲ. ಹೇಳಿದರೆ ಮಂಗಳೂರಿಗೆ ಕಳಿಸುತ್ತಾರೆ, ಮಗ ಕೆಲಸ ಬಿಟ್ಟು ಬರುತ್ತಾನೆ. ತಲೆ ತಿರುಗಿ ಬಿದ್ದದ್ದನ್ನು ಎಲ್ಲರೂ ನೋಂಬಿನ ಲೆಕ್ಕಕ್ಕೆ ಹಾಕಿದ್ದು ಅವರಿಗೆ ಅನುಕೂಲವೇ ಆಗಿತ್ತು.

ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ತೊಂದರೆ ನೋವಿಲ್ಲದೆಯೂ ಬರಬಹುದು ಎಂಬುದು ನನ್ನ ಬ್ಯಾಗಿನಲ್ಲಿರುವ ಕರಪತ್ರದ ಮೊದಲ ಸಾಲು. ನಾನು ಅದನ್ನು ಎಷ್ಟು ಸಲ ಓದಿ ಹೇಳಿದ್ದೇನೋ. ಈ ಹೆಂಗಸಿನ ಪಕ್ಕದಲ್ಲಿ ಅದೇ ಬ್ಯಾಗ್ ಹಿಡಿದುಕೊಂಡು ತಿಂಗಳುಗಟ್ಟಲೆ ಕೂತಿದ್ದೆ.

"ಸಂಜೆ ಕ್ಲಿನಿಕ್ ತೆರೀತದೆ. ಹೋಗುವ" ಎಂದೆ.

"ನಾಳೆ ನೋಡುವ."

"ಇಲ್ಲ ಉಮ್ಮ. ಇವತ್ತು."

ಯಾಕೋ ನನ್ನ ದನಿ ಗಡಸಾಗಿತ್ತು. ಅವರು ನನ್ನನ್ನು ನೋಡಿ, ಸೊಸೆಯನ್ನು ನೋಡಿ, ಬುರ್ಖಾ ತರಲು ಹೇಳಿದರು. ಮೆಟ್ಟಿಲು ಇಳಿಯುವಾಗ ನಾನು ಮುಂದೆ, ಸೊಸೆ ಹಿಂದೆ. ಅವರು ಕೆಳಗೆ ನೋಡುತ್ತಾ ಒಂದೊಂದೇ ಇಳಿದರು. ಆಟೋ ಬರುವವರೆಗೆ ನನಗೆ ನಿಂತಲ್ಲಿ ನಿಲ್ಲಲಾಗದೆ ರಸ್ತೆಯ ಆಚೆ ಈಚೆ ನಡೆದೆ.

ಡಾಕ್ಟರು ಇ.ಸಿ.ಜಿ. ತೆಗೆದರು, ಕಾಗದವನ್ನು ಎರಡು ಸಲ ನೋಡಿದರು, ಮರುದಿನವೇ ಮಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಎರಡು ಕಡೆ ರಕ್ತನಾಳ ಕಟ್ಟಿದ್ದು ಗೊತ್ತಾಗಿ ಸ್ಟೆಂಟ್ ಹಾಕಿದರು. ಮಗ ಹದಿನೈದು ದಿನದ ರಜೆ ಹಾಕಿ ಬಂದ. ನನಗೆ ಫೋನ್ ಮಾಡಿ, "ನೀವಾ ಆ ಗೇಮಿನವರು?" ಎಂದು ಕೇಳಿದ. ಹೌದು ಎಂದೆ. ಥ್ಯಾಂಕ್ಸ್ ಹೇಳಿದ. ಆಮೇಲೆ, "ಆದರೆ ನೋಂಬಿನ ವಿಷಯ ನಾನು ಮರೆಯುದಿಲ್ಲ" ಎಂದ. ಅದೂ ನ್ಯಾಯವೇ.

ತಿಂಗಳೊಂದು ಕಳೆದ ಮೇಲೆ ಉಮ್ಮನೇ ಹೇಳಿಕಳಿಸಿದರು, ಕಥೆ ಮುಗಿಸಬೇಕು ಎಂದು. ನನಗೆ ಮನಸ್ಸಿರಲಿಲ್ಲ. ಆಸ್ಪತ್ರೆಯಿಂದ ಬಂದವರೆದುರು ಅದನ್ನು ಓದುವುದೇ ಎಂದು ಸೊಸೆಯೂ ಅನುಮಾನಿಸಿದಳು. ಉಮ್ಮ ಒಪ್ಪಲಿಲ್ಲ. ಎರಡು ಮಧ್ಯಾಹ್ನಗಳಲ್ಲಿ ಮುಗಿಸಿದೆವು. ಕಥೆ ಮೊದಲನೇ ಮೆಟ್ಟಿಲು ದಾಟಿ ಆಸ್ಪತ್ರೆಯ ಕಿಟಕಿಗೆ ಬಂತು; ಗುಡಿಯ ಬೆಟ್ಟದಲ್ಲಿ ಹೂ ಅರಳುವ ಒಂದು ವಾರ ಮೊದಲು ತಂಗಿ ತೀರಿಕೊಂಡಳು. ಪಿಯಾನೊ ಒಂದೇ ಸ್ವರಕ್ಕೆ ನಿಂತಿತು. ಸೊಸೆ ಅತ್ತಳು. ನನಗೆ ತುಳುವಿನಲ್ಲಿ ಹೇಳಲು ಸ್ವರ ಹೊರಡಲಿಲ್ಲ, ಮುಚ್ಚಿಡದೆ ಅತ್ತೆ. ಉಮ್ಮ ಮಾತ್ರ ಅಳಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು.

"ಅವನೇ ಅಣ್ಣ. ದಿನಾ ಪಕ್ಕದಲ್ಲೇ ಕೂತು ಬನ್ನು ತಿಂದವ. ಅವನಿಗೆ ಕಣ್ಣಿಲ್ವಾ?"

ಗೇಮ್‌ನಲ್ಲಿ ಆ ಅಣ್ಣನ ಹೆಸರು ನನ್ನದು.

ಮೂಡಬಿದಿರೆಯ ಹುಡುಗಿಗೆ ಇದನ್ನೆಲ್ಲ ಹೇಳಿದಾಗ ಅವಳು ಒಂದು ಗುಟ್ಟು ಬಿಟ್ಟುಕೊಟ್ಟಳು. ಆ ಗೇಮಿಗೆ ಇನ್ನೊಂದು ಕೊನೆ ಉಂಟಂತೆ. ಎಂಬತ್ತನೇ ಮೆಟ್ಟಿಲಿನಲ್ಲಿ, 'ನಗುವುದೋ, ಯಾಕೆ ಕೂತೆ ಎಂದು ಕೇಳುವುದೋ' ಎಂಬ ಪ್ರಶ್ನೆ ಬರುತ್ತದೆ. ಎರಡು ಸಲವೂ, ನಾನೊಬ್ಬನೇ ಓದಿದಾಗಲೂ ಉಮ್ಮನ ಮನೆಯಲ್ಲಿ ಓದಿದಾಗಲೂ, ಆರಿಸಿದ್ದು ನಗುವುದನ್ನೇ. ಕೇಳುವುದನ್ನು ಆರಿಸಿದರೆ ಕಥೆ ಬೇರೆ ದಾರಿ ಹಿಡಿದು, ತಂಗಿ ಉಳಿಯುತ್ತಾಳೆ.

ಅಂದಿನಿಂದ ಎಷ್ಟೋ ಸಲ ಬೆಂಚಿನಲ್ಲಿ ಕೂತು ಆ ಗೇಮ್ ತೆರೆದಿದ್ದೇನೆ. ಎಂಬತ್ತರವರೆಗೆ ಹೋಗುತ್ತೇನೆ. ಎರಡು ಸಾಲುಗಳು ಬಂದು ನಿಲ್ಲುತ್ತವೆ, ನಾನು ಆರಿಸುವವರೆಗೆ ಅಲುಗುವುದಿಲ್ಲ. ಅಷ್ಟರಲ್ಲಿ ಬಲಗಾಲು ಕುಣಿಯತೊಡಗುತ್ತದೆ. ಬರಿಯ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು ಎಂಬುದನ್ನು ಕಣ್ಣಾರೆ ನೋಡುವುದು ನನಗೆ ಬೇಡವೋ, ಅಥವಾ ಸುಖದ ಕೊನೆಯನ್ನು ನಂಬಲಾರೆನೋ ತಿಳಿಯದು. ಫೋನ್ ಜೇಬಿಗೆ ಹಾಕಿ ಹೊರಗೆ ಬರುತ್ತೇನೆ. ಬೈಕಿನ ಹತ್ತಿರ ಹೋಗಿ ನಿಂತು ಅಮ್ಮನಿಗೋ ಅಣ್ಣನಿಗೋ ಕರೆ ಮಾಡುತ್ತೇನೆ. "ಎಂತ ಮಾರಾಯ, ಈ ಹೊತ್ತಿಗೆ?" ಎನ್ನುತ್ತಾರೆ. "ಏನಿಲ್ಲ, ಹೇಗಿದ್ದೀರಿ ಅಂತ" ಎನ್ನುತ್ತೇನೆ. ಅವರು ಚೆನ್ನಾಗಿದ್ದೇವೆ ಎಂದರೆ ನನಗೆ ಸಾಲುವುದಿಲ್ಲ; ಇನ್ನೊಮ್ಮೆ ಕೇಳುತ್ತೇನೆ. ಅಷ್ಟರಲ್ಲಿ ಒಳಗಿನಿಂದ ನರ್ಸ್ ಕರೆಯುತ್ತಾಳೆ, ಡಾಕ್ಟರ ಕೊನೆಯ ರೋಗಿ ಹೊರಟಾಯಿತು ಎಂದು.